ಕಾದಂಬರಿಯಲ್ಲಿ ಮನೆ ಬಿಟ್ಟ ಅತ್ತೆ

ಪ್ರೇಮ ಕಾದಂಬರಿ ಬರೆಯುವವಳಿಗೆ ಕಾನೂನು ಯಾಕೆ ಎಂದುಕೊಂಡು ನಾನು ಬಹಳ ವರ್ಷ ಆರಾಮವಾಗಿ ಬರೆದೆ. ನಾಯಕನಿಗೆ ಆಸ್ತಿ ಬರಬೇಕೆಂದರೆ ಒಬ್ಬ ಮಾವನನ್ನು ಸಾಯಿಸಿದರಾಯಿತು. ನಾವಿರುವ, ಮುಂಬೈ ಪಕ್ಕದ ಡೊಂಬಿವಲಿಯಲ್ಲೇ ನಡೆಯುವ ಒಂದು ಕಥೆಯಲ್ಲೂ ಅದನ್ನೇ ಮಾಡಿದೆ. ಮಾವ ಸತ್ತ. ಹೌಸಿಂಗ್ ಸೊಸೈಟಿಯ ನಾಮಿನಿ ಫಾರ್ಮಿನಲ್ಲಿ ಸೋದರಳಿಯನ ಹೆಸರಿತ್ತು, ಫ್ಲ್ಯಾಟ್ ಅವನದಾಯಿತು, ಪ್ರೀತಿಸಿದವಳನ್ನು ಮನೆ ತುಂಬಿಸಿಕೊಂಡ. ನಡುವೆ ಅಡ್ಡವಾಗಿದ್ದ ಅತ್ತೆಯನ್ನು ಒಂದೇ ಸಾಲಿನಲ್ಲಿ ಸಾಗಹಾಕಿದೆ: 'ಅತ್ತೆ ಮರುದಿನವೇ ಮನೆ ಬಿಟ್ಟಳು.'

ಅದನ್ನು ಪ್ರೀತಿಯಿಂದ ಓದಿದವರಲ್ಲಿ ನಮ್ಮ ಎದುರು ಫ್ಲ್ಯಾಟಿನಾಕೆಯೂ ಒಬ್ಬರು. ನಮ್ಮ ಹಾಗೆ ಉಡುಪಿ ಕಡೆಯವರು, ಮಕ್ಕಳಿಲ್ಲ. ಸಣ್ಣ ಹೋಟೆಲ್ ನಡೆಸಿ ಆ ಮನೆ ಕೊಂಡಿದ್ದ ಅವರ ಗಂಡ ಕಳೆದ ವರ್ಷ ತೀರಿಕೊಂಡರು. ಉತ್ತರಕ್ರಿಯೆ ಮುಗಿದ ಮರುದಿನ ಹೋಗಿ ನೋಡಿದರೆ ಆಕೆ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು.

"ಇದೆಂತ ಮಾಡ್ತಾ ಇದ್ದೀರಿ?" ಎಂದೆ.

"ಸೊಸೈಟಿ ಫಾರ್ಮಿನಲ್ಲಿ ಇವರ ಅಳಿಯನ, ತಂಗಿಯ ಮಗನ ಹೆಸರು ಉಂಟಕ್ಕ. ಹೆಸರಿದ್ದವನಿಗೇ ಮನೆ ಅಂತ ನೀವೇ ಬರೆದದ್ದಲ್ವಾ? ಅವನು ಬಾಯಿಬಿಟ್ಟು ಹೇಳುವ ಮೊದಲೇ ಹೋಗುದು ಮರ್ಯಾದೆ."

ಅವರ ಕೈಯಿಂದ ಗೋಣಿ ತೆಗೆದು ಬದಿಗಿಟ್ಟೆ. ಆಸ್ತಿ ತಂಗಿಯ ಮಕ್ಕಳಿಗೆ ಹೋಗುವ ಅಳಿಯಕಟ್ಟು ಯಾವಾಗಲೋ ಹೋಯಿತು. ಆದರೂ ನಮ್ಮ ಕಡೆಯ ಕೆಲವು ಗಂಡಸರು ಫಾರ್ಮು ಕಂಡರೆ ಅಭ್ಯಾಸಬಲದಿಂದ ಅಳಿಯನ ಹೆಸರನ್ನೇ ಬರೆಯುತ್ತಾರೆ. ಅದನ್ನು ನೋಡಿಯೇ ನಾನು ಕಥೆ ಹೊಸೆದಿದ್ದೆ. ಮುಂದಿನದನ್ನು ಯಾರನ್ನೂ ಕೇಳಿರಲಿಲ್ಲ.

ಮರುದಿನವೇ ಕಲ್ಯಾಣದ ವಕೀಲರೊಬ್ಬರ ಬಳಿ ಓಡಿದೆ. ಅವರು ನಕ್ಕರು. ನಾಮಿನಿ ಎಂದರೆ ವಾರಸುದಾರರ ಪರವಾಗಿ ಮನೆ ನೋಡಿಕೊಳ್ಳುವವನು ಅಷ್ಟೇ. ಉಯಿಲಿಲ್ಲ, ಮಕ್ಕಳಿಲ್ಲ, ಗಂಡನ ತಾಯಿಯೂ ಇಲ್ಲವೆಂದರೆ ಅವನ ಸ್ವಂತ ದುಡಿಮೆಯ ಮನೆ ಪೂರ್ತಿ ಹೆಂಡತಿಯದೇ ಎಂದರು. ಮಹಾಪೆಯಲ್ಲಿ ಕೆಲಸದಲ್ಲಿದ್ದ ಅಳಿಯನಿಗೆ ಫೋನ್ ಮಾಡಿದೆ. ಪಾಪ, ಫಾರ್ಮಿನ ಸಂಗತಿಯೇ ಅವನಿಗೆ ಗೊತ್ತಿರಲಿಲ್ಲ.

"ಮಾಮಿ ಕಿಧರ್ ಭೀ ನಹೀಂ ಜಾಯೇಗೀ, ಆಂಟಿ," ಎಂದ. "ಅವರು ಎಲ್ಲಿಗೂ ಹೋಗುದು ಬೇಡ. ಮನೆ ಅವರ ಹೆಸರಿಗೆ ಮಾಡ್ಲಿಕ್ಕೆ ಸೈನ್ ಬೇಕಾದ್ರೆ ನಾನು ಬರ್ತೇನೆ."

ಸಂಜೆ ಎಲ್ಲವನ್ನೂ ಆಕೆಗೆ ಬಿಡಿಸಿ ಹೇಳಿದೆ. ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದುಕೊಂಡು ಅತ್ತರು, ನನಗೂ ತಡೆಯಲಾಗಲಿಲ್ಲ. ತಪ್ಪಾಯಿತು ಎಂದೆ.

"ಅದೆಲ್ಲ ಬೇಡ. ಒಂದು ಕೇಳ್ಲಾ? ನಿಮ್ಮ ಕಥೆಯ ಅತ್ತೆ ಮನೆ ಬಿಟ್ಟು ಎಲ್ಲಿಗೆ ಹೋದದ್ದು?"

ನಾನು ಯೋಚಿಸಿರಲೇ ಇಲ್ಲ. ಹಾಗೆಂದೇ ಹೇಳಿದೆ.

"ಇಷ್ಟು ದಿನ ನಾನು ಅದನ್ನೇ ಯೋಚನೆ ಮಾಡಿದ್ದು ಅಕ್ಕ," ಎಂದರು. "ನನಗೂ ಗೊತ್ತಾಗ್ಲಿಲ್ಲ."