ಕ್ಯಾಮೆರಾಗೆ ಇಟ್ಟ ಬೊಟ್ಟು

ಅಮ್ಮನನ್ನು ಕುರುಡುಮಲೆಗೆ ಕರೆದೊಯ್ಯುವಾಗ ನನ್ನ ಹಳೇ ಇನ್‌ಸ್ಟಂಟ್ ಕ್ಯಾಮೆರಾ ಮುಳಬಾಗಿಲಿನಲ್ಲೇ ಕೈಕೊಟ್ಟಿತು. ಫೋಟೊ ಹೊರಗೆ ತಳ್ಳುವ ರೋಲರ್ ತಿರುಗುತ್ತಿರಲಿಲ್ಲ. ಒಳಗಿದ್ದದ್ದು ಒಂದೇ ಫಿಲ್ಮು, ಗುಡಿ ಮುಂದೆ ಅಮ್ಮನ ಫೋಟೊಗೆ ಅಂತ ಉಳಿಸಿದ್ದು.

ಅಲ್ಲೇ ಹೊಲಿಗೆ ಮಿಷನ್ ರಿಪೇರಿ ಮಾಡುವ ರೆಡ್ಡಪ್ಪನವರಿಗೆ ತೋರಿಸಿದೆ. "ಹಲ್ಲಿನ ಚಕ್ರ ತಾನೇ, ಕೊಡಿ ಸಾರ್," ಅಂದರು. ನಾವು ಟೀ ಕುಡಿದು ಬರುವಷ್ಟರಲ್ಲಿ ಸರಿಮಾಡಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ, ಅಂಗಡಿ ಮುಂದೆಯೇ ಅಮ್ಮನ ಫೋಟೊ ತೆಗೆದೆ. ರೋಲರ್ ಸೊಗಸಾಗಿ ತಿರುಗಿತು. ಫೋಟೊದಲ್ಲಿ ಮಾತ್ರ ಬರೀ ಕೆಂಪು ಮಬ್ಬು. ನೋಡಿದರೆ, ಲೆನ್ಸಿನ ನಟ್ಟನಡುವೆ ಕುಂಕುಮ!

"ಬೊಟ್ಟಿಡದೆ ಯಾವ ಮಿಷನ್ನೂ ಕೊಡಲ್ಲ ಸಾರ್."

"ಕಣ್ಣಿಗಾ ಇಡೋದು?"

"ಅಯ್ಯೋ, ಹಣೆ ಅಂದ್ಕೊಂಡೆ!"

ಒರೆಸಲು ಹೋದರೆ ಅಮ್ಮ ಕೈ ಹಿಡಿದಳು: "ಇಟ್ಟ ಕುಂಕುಮ ಒರೆಸಬಾರದು ಕಣೋ."

ಅಂದಿನಿಂದ ಕ್ಯಾಮೆರಾ ಬೊಟ್ಟಿನ ಸಮೇತ ದೇವರ ಗೂಡಿನಲ್ಲಿದೆ. ಒಂದು ಸಲವೂ ಕೆಟ್ಟಿಲ್ಲ.