ಪಾಲಾರಿನ ನೀಲಿ ದಾರ

ಹನೂರಿನ ಕಡೆ ಸಿಸ್ಟರ್‌ಗಳು ನಡೆಸುವ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಪುಸ್ತಕದ ಮೇಲೆ ಪರಿಸರ ಅಧ್ಯಯನ ಎಂದಿದೆ. ಇರಲಿ, ನನ್ನ ಬಾಯಲ್ಲಿ ಅದು ಭೂಗೋಳವೇ. ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದು, ಹಣೆಯ ಕುಂಕುಮದ ಸಮೇತ ಏಸುಸ್ವಾಮಿಯ ಪಟದ ಮುಂದೆ ಕೈಮುಗಿದು ನಿಲ್ಲುತ್ತೇನೆ. ಇಷ್ಟು ವರ್ಷಗಳಲ್ಲಿ ಅವರ ಪ್ರಾರ್ಥನೆಗಳೆಲ್ಲ ನನಗೆ ಬಾಯಿಪಾಠ. ಮಕ್ಕಳು ತಪ್ಪು ಹೇಳಿದರೆ ಸಿಸ್ಟರ್‌ಗಿಂತ ಮೊದಲು ತಿದ್ದುವವಳು ನಾನು. ತಿದ್ದುವುದು ನನ್ನ ಹುಟ್ಟುಗುಣ.

ನಮ್ಮದು ರೇಷ್ಮೆ ನೇಯುವ ಮನೆ. ಮಗ್ಗದ ಸುತ್ತ ಉಳಿಯುವ ಬಣ್ಣಬಣ್ಣದ ದಾರದ ತುಂಡುಗಳನ್ನು ಅಪ್ಪ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷವೇ ಆ ಡಬ್ಬಿ ಶಾಲೆಗೆ ಬಂತು. ಅಂದಿನಿಂದ ಪ್ರತಿವರ್ಷ ನಾಲ್ಕನೇ ತರಗತಿಯವರು ಗೋಣಿತಟ್ಟಿನ ಮೇಲೆ ನಮ್ಮ ಸೀಮೆಯ ನಕ್ಷೆ ಹೊಲಿಯುತ್ತಾರೆ. ರಸ್ತೆಗೆ ಕೆಂಪು, ಕಾಡಿಗೆ ಹಸಿರು, ನೀರಿಗೆ ನೀಲಿ. ವರ್ಷವಿಡೀ ಹರಿಯುವ ಹೊಳೆಗೆ ಒತ್ತಾದ ಹೊಲಿಗೆ. ಬೇಸಿಗೆಯಲ್ಲಿ ಒಣಗುವುದಕ್ಕೆ ನಡುವೆ ಜಾಗ ಬಿಟ್ಟ ಹೊಲಿಗೆ. ಅವರವರ ಊರಿನ ಹೊಳೆಯನ್ನೋ ಹಳ್ಳವನ್ನೋ ಹೆಸರಿನ ಸಮೇತ ಅವರವರೇ ಹೊಲಿಯಬೇಕು. ಇನ್‌ಸ್ಪೆಕ್ಷನ್‌ಗೆ ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ನನಗೂ ಜಂಬ ಕಡಿಮೆಯೇನಿರಲಿಲ್ಲ.

ಹೋದ ವರ್ಷಕ್ಕೆ ಹಿಂದಿನ ವರ್ಷ ಆ ತರಗತಿಯಲ್ಲಿ ಪಾಲಾರ್ ಹೊಳೆಯ ಪಕ್ಕದ ಊರಿನ ಒಬ್ಬ ಹುಡುಗಿ ಇದ್ದಳು. ಒಂಬತ್ತು ವರ್ಷದವಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಮಹದೇಶ್ವರ ಬೆಟ್ಟ ದಾಟಿ ದಿನಾ ಬಂದುಹೋಗುವುದು ಆಗದ ಮಾತು, ಹಾಗಾಗಿ ಸಿಸ್ಟರ್‌ಗಳ ಹಾಸ್ಟೆಲಿನಲ್ಲಿದ್ದಳು. ನಾಲಿಗೆ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು ಮೂರು ದಿನ ಕೂತು ಪಾಲಾರ್ ಹೊಲಿದಳು, ಒಂದು ಅಕ್ಕಿಕಾಳಿನಷ್ಟೂ ಜಾಗ ಬಿಡದೆ.

“ಇದು ಬೇಸಿಗೆಯಲ್ಲಿ ಒಣಗುವ ಹೊಳೆ. ಬಿಚ್ಚು,” ಎಂದೆ.

“ಇಲ್ಲ ಮಿಸ್. ಒಣಗ್ದಂಗೆ ಕಾಣ್ತದೆ. ಮೇಗಡೆ ಎಲ್ಲಾರ ಮಳೆ ಉಯ್ದ್ರೆ ದಿಢೀರ್ನೆ ನೀರ್ ಬಂದ್ಬುಡ್ತದೆ. ನಮ್ಮಜ್ಜಿ ಅದ್ನ ನಂಬ್ಬ್ಯಾಡ ಅಂತದೆ.”

ನಾನು ಪಾಲಾರನ್ನು ನೋಡಿದ್ದು ಜೀವನದಲ್ಲಿ ಒಂದೇ ಸಲ. ಮೆಟ್ಟೂರಿನ ಕಡೆ ಒಂದು ಮದುವೆಗೆ ಹೋಗುವಾಗ, ಏಪ್ರಿಲ್ ತಿಂಗಳಲ್ಲಿ, ಬಸ್ಸಿನ ಕಿಟಕಿಯಿಂದ. ಮರಳು, ಬಂಡೆ, ಎರಡು ಹಸು. ಅಷ್ಟೇ ನನ್ನ ಬಂಡವಾಳ. ಆದರೂ ಸೊಂಟದ ಮೇಲೆ ಕೈಯಿಟ್ಟು, “ನಿನಗೆ ಗೊತ್ತೋ, ನನಗೆ ಗೊತ್ತೋ?” ಎಂದು ಕೇಳಿದೆ. ತರಗತಿ ನಕ್ಕಿತು. ಅವಳು ತಲೆ ತಗ್ಗಿಸಿ ದಾರ ಬಿಚ್ಚಿ, ನಡುವೆ ಜಾಗ ಬಿಟ್ಟು ಮತ್ತೆ ಹೊಲಿದಳು. ಎದುರುತ್ತರ ಕೊಟ್ಟದ್ದಕ್ಕೆ ಹತ್ತು ಸಲ ಬರೆಸಿದೆ: ‘ಪಾಲಾರ್ ಬೇಸಿಗೆಯಲ್ಲಿ ನೀರಿಲ್ಲದ ಹೊಳೆ.’ ದುಂಡಗೆ ಬರೆದು ತಂದಳು. ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕಿ, ಕೆಳಗೆ ‘ಜಾಣೆ’ ಎಂದು ಬರೆದುಕೊಟ್ಟೆ. ಅವಳ ಮುಖ ಅರಳಿತು. ಆಮೇಲೆ ಆ ವಿಷಯ ನಾನು ಮರೆತೇಬಿಟ್ಟೆ.

ಅವಳು ಮರೆತಿರಲಿಲ್ಲ.

ರಜೆ ಮುಗಿದು ಶಾಲೆ ತೆರೆದ ಮೊದಲ ದಿನ, ಆ ಮಗು ಹೊಳೆಯಲ್ಲಿ ಕೊಚ್ಚಿಹೋಯಿತೆಂದು ದೊಡ್ಡ ಸಿಸ್ಟರ್ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು. ಹೇಗೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ ಎನ್ನುವುದೇ ನಿಜ.

ವಾರ ಕಳೆದ ಮೇಲೆ ಅವರಪ್ಪ ಹಾಸ್ಟೆಲಿನಿಂದ ಅವಳ ಟ್ರಂಕು ತೆಗೆದುಕೊಂಡು ಹೋಗಲು ಬಂದರು. ನೋಟ್‌ಬುಕ್ಕುಗಳು ನನ್ನ ಬೀರುವಿನಲ್ಲಿದ್ದವು. ಸಿಸ್ಟರ್ ಅವರನ್ನು ನನ್ನ ಕೋಣೆಗೆ ಕಳಿಸಿದರು. ನಾನು ತೆಗೆದುಕೊಟ್ಟ ನೋಟ್‌ಬುಕ್ಕುಗಳನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತರು. ನಾನು ಏನೂ ಕೇಳದಿದ್ದರೂ ಹೇಳಿಕೊಂಡರು.

“ಆಚೆ ದಡ್ದಲ್ಲಿ ನಮ್ಮಕ್ಕನ ಮನೆ ಮಿಸ್. ಅಜ್ಜಿ ಮೊಮ್ಮಗಳು ಅಲ್ಲಿಗೆ ಒಂಟಿದ್ರು. ಮೋಡ ಕಂಡು ಅಜ್ಜಿ ನಿಲ್ಲು ಅಂತಂತೆ. ಇವ್ಳು, ಬ್ಯಾಸ್ಗೇಲಿ ಇದ್ರಲ್ಲಿ ನೀರಿಲ್ಲ ಅಜ್ಜಿ, ಅಂದ್ಕಂಡು ಮುಂದ್ಕೆ ನಡುದ್ಲಂತೆ. ಉಟ್ದಾಗಿಂದ ಆ ಒಳೆ ನೋಡಿರೋ ಮಗ. ಇದ್ಯಾಕಂಗಂದ್ಲು ಅಂತ್ಲೇ ನಮ್ಗೆ ತಿಳೀದು.”

ನನಗೆ ತಿಳಿಯಿತು. ಅವರ ಮಡಿಲಲ್ಲಿದ್ದ ನೋಟ್‌ಬುಕ್ಕುಗಳಲ್ಲಿ ಮೇಲಿನದೇ ಭೂಗೋಳದ್ದು. ಅವರು ಅದನ್ನು ತೆರೆದು ಹಾಳೆ ತಿರುಗಿಸುತ್ತಾ ಹೋಗಿ, ಕೆಂಪು ಇಂಕು ಕಂಡಲ್ಲಿ ನಿಂತರು.

“ನಂಗೆ ಕನ್ನಡ ಓದಕ್ ಬರಲ್ಲ. ಇದೇನ್ ಬರ್ದವ್ಳೆ, ವಸಿ ಓದೇಳಿ ಮಿಸ್.”

ನಾನು ಹಾಳೆ ನೋಡಿದೆ. ಹತ್ತು ಸಾಲು. “ಕಾವೇರಿ ನಮ್ಮ ಜೀವನದಿ,” ಎಂದೆ.

“ಎಲ್ಲಾ ಸಾಲೂ ಒಂದೇ ತರ ಅವಲ್ಲಾ?”

“ಚೆನ್ನಾಗಿದೆ ಅನ್ನಿಸಿದ್ದನ್ನು ಮಕ್ಕಳು ಮತ್ತೆ ಮತ್ತೆ ಬರೀತಾರೆ.”

“ಈ ಕೆಂಪುದು?”

“ಜಾಣೆ ಅಂತ. ನಾನೇ ಬರೆದಿದ್ದು.”

ಆ ಮನುಷ್ಯ ಆಗ ಅತ್ತರು. ಅಲ್ಲಿಯವರೆಗೂ ಅತ್ತಿರಲಿಲ್ಲ. ಹಾಳೆಯನ್ನು ಮಡಿಕೆ ಬೀಳದಂತೆ ಬಿಡಿಸಿಕೊಂಡು, “ಮನೇಲಿ ಅವ್ಳ ಫೋಟೋ ಪಕ್ದಲ್ಲಿ ಅಂಟುಸ್ತೀನಿ ಮಿಸ್. ನೀವ್ ಜಾಣೆ ಅಂದಿರೋದು ಅಲ್ಲಿರ್ಲಿ,” ಎಂದರು. ಬೇಡ ಎನ್ನಲು ನನ್ನಿಂದಾಗಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ಹೋಗಿ ಕಳಿಸಿಬಂದೆ.

ಅವರು ಹೋದ ಮೇಲೆ ಗೋಡೆಯ ನಕ್ಷೆ ಇಳಿಸಿ, ಪಾಲಾರಿನಲ್ಲಿ ಬಿಟ್ಟ ಜಾಗಗಳಿಗೆಲ್ಲ ನೀಲಿ ದಾರ ತುಂಬಿದೆ. ಅವಳು ಹೊಲಿದಷ್ಟು ಒತ್ತಾಗಿ ಬರಲಿಲ್ಲ. ಈಗಲೂ ಅದು ಅಲ್ಲೇ ತೂಗುತ್ತಿದೆ. ಹೊಸ ನಕ್ಷೆ ಬಂದರೂ ಅದನ್ನು ತೆಗೆಯಲು ನಾನು ಬಿಟ್ಟಿಲ್ಲ.

ಅವರ ಕೇರಿಯಲ್ಲಿ ಓದು ಬಂದವರು ಓದುವುದು ತಮಿಳು. ಒಂದು ವರ್ಷ ಆ ಹಾಳೆ ಗೋಡೆಯ ಮೇಲೆ ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. ಶಾಲೆಯ ರಿಜಿಸ್ಟರಿನಲ್ಲಿ ಅವರ ಫೋನ್ ನಂಬರಿದೆ. ಎಷ್ಟೋ ಸಲ ತೆರೆದು ನೋಡಿ ಮುಚ್ಚಿದ್ದೇನೆ. ಊರಿನ ಮಕ್ಕಳನ್ನೆಲ್ಲ ತಿದ್ದುವ ನಾನು ಇಂಥ ಹೇಡಿ ಎಂದು ನನಗೇ ಗೊತ್ತಿರಲಿಲ್ಲ.

ಈ ಜೂನ್‌ನಲ್ಲಿ ಅವಳ ತಂಗಿ ಒಂದನೇ ತರಗತಿಗೆ ಸೇರಿದಳು. ಅದೇ ಹಾಸ್ಟೆಲು, ಅದೇ ಟ್ರಂಕು. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ನನ್ನ ಕೋಣೆಗೆ ಬಂದು, ಹಳೆಯ ನಕ್ಷೆಯ ಮುಂದೆ ನಿಂತು ಬೆರಳಿಟ್ಟು ಓದಿದಳು: “ಪಾ… ಲಾ… ರ್. ಪಾಲಾರ್! ಮಿಸ್, ನಂಗೆ ಓದಕ್ ಬತ್ತದೆ!”

“ಜಾಣೆ” ಎನ್ನಲು ಹೋದೆ. ಹೇಳದೆ ಕ್ಯಾಲೆಂಡರಿನ ಕಡೆ ತಿರುಗಿದೆ.

ದಸರಾ ರಜೆಗೆ ಇನ್ನು ಹನ್ನೊಂದು ದಿನ. ಅವಳು ಮನೆಗೆ ಹೋಗಿ ಅಕ್ಕನ ಫೋಟೋ ಮುಂದೆ ನಿಲ್ಲುವ ಮೊದಲು ನಾನು ಹೋಗಿ ಅವರಪ್ಪನಿಗೆ ಆ ಹಾಳೆಯನ್ನು ಓದಿ ಹೇಳಬೇಕು. ಹತ್ತೂ ಸಾಲು, ಕೆಳಗೆ ನಾನು ಬರೆದದ್ದನ್ನೂ ಸೇರಿಸಿ.