ಮೊಮ್ಮಗಳು ಮನೆಗೆ ಬರುವ ತಿಂಗಳು

ಮೊಮ್ಮಗಳು ಹುಟ್ಟಿದ ಸುದ್ದಿ ಕಲ್ಯಾಣದುರ್ಗದಿಂದ ಬಂದಾಗ ನಾನು ಹಿಂದೂಪುರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ನನ್ನ ಎರಡು ಕಿಡ್ನಿಯೂ ಹೆಚ್ಚುಕಡಿಮೆ ಕೈಬಿಟ್ಟಿವೆ ಎಂದು ಡಾಕ್ಟರಮ್ಮ ಆಗಷ್ಟೇ ಹೇಳಿದ್ದರು. ನಾನು ಫೋನು ಹಿಡಿದು ನಕ್ಕೆ, ನಕ್ಕೇ ನಕ್ಕೆ. ಪಕ್ಕದಲ್ಲಿದ್ದವನು ನನ್ನ ಹೆಂಡತಿಯನ್ನು, "ಯಜಮಾನ್ರಿಗೆ ಕಾಯಿಲೆ ತಲೆಗೇರೈತಾ ಅಮ್ಮಾ?" ಎಂದು ಕೇಳಿದ. ಅವಳು ನನ್ನ ಮುಖ ನೋಡಿದಳೇ ಹೊರತು ಇಲ್ಲ ಅನ್ನಲಿಲ್ಲ.

ಓದಿದ್ದು ಮೂರನೇ ಕ್ಲಾಸು. ಇಂಥ ದಿನ ಅಳಬೇಕೋ ನಗಬೇಕೋ ಎಂದು ಅಲ್ಲಿ ಹೇಳಿಕೊಟ್ಟಿರಲಿಲ್ಲ.

ನಮ್ಮದು ಪರಿಗಿ ಕಡೆಯ ಹಳ್ಳಿ. ಸೊಸೆಯ ತವರು ಕಲ್ಯಾಣದುರ್ಗ. ಹೆರಿಗೆಗೆ ಅಲ್ಲಿಗೆ ಹೋಗಿದ್ದಳು. ಕೆಲವು ದಿನ ಕಳೆದು ಡಾಕ್ಟರಮ್ಮ ನನ್ನನ್ನೂ ಹೆಂಡತಿಯನ್ನೂ ಮಗನನ್ನೂ ಕೂರಿಸಿಕೊಂಡು, ಮುಂದೇನು ಎಂದು ಈಗಲೇ ಯೋಚಿಸಿಡೋಣ ಅಂದರು. ಎರಡು ದಾರಿ ಇವೆಯಂತೆ. ಒಂದು, ವಾರದಲ್ಲಿ ಮೂರು ದಿನ ಹಿಂದೂಪುರಕ್ಕೆ ಬಂದು ಡಯಾಲಿಸಿಸ್ ಮಿಷನ್ನಿಗೆ ಕೈ ಕೊಟ್ಟು ಮಲಗುವುದು. ಇನ್ನೊಂದು, ಮಿಷನ್ ಇಲ್ಲದೆ ಮನೆಯಲ್ಲೇ ಇದ್ದು, ನವೆಗೆ, ಉಬ್ಬಸಕ್ಕೆ, ವಾಕರಿಕೆಗೆ ಔಷಧಿ ತೆಗೆದುಕೊಳ್ಳುವುದು. ನರ್ಸಮ್ಮ ಮನೆಗೇ ಬಂದು ನೋಡುತ್ತಾರೆ.

ನನಗೆ ಗೊಂದಲವಾಯಿತು. ಮಿಷನ್ ಬೇಡ ಎಂದ ಮೇಲೂ ವೈದ್ಯವೇ? ಹಾಗಾದರೆ ಡಾಕ್ಟರು ಕೈಬಿಡುವುದು ಯಾವಾಗ? ಕೇಳಿದರೆ, "ಬಿಡೋದೇ ಇಲ್ಲ ತಾತಾ" ಅಂದರು. ಅದು ಇನ್ನೂ ಅರ್ಥವಾಗಲಿಲ್ಲ.

"ಮಿಷನ್ನಿಗೇ ಹಾಕ್ಸೋಣ ಮೇಡಂ" ಎಂದ ಮಗ.

ಡಾಕ್ಟರಮ್ಮ ಅವನನ್ನು ತಡೆದು ನನ್ನ ಕಡೆ ತಿರುಗಿ, "ಪೆದ್ದಾಯನಾ, ಮೀಕೇಮಿ ಕಾವಾಲಿ?" ಎಂದು ತೆಲುಗಿನಲ್ಲಿ ಕೇಳಿದರು. ನಿಮಗೇನು ಬೇಕು ಎಂದು ಊಟಕ್ಕೆ ಕೂತಾಗ ಬಿಟ್ಟರೆ ಯಾರೂ ನನ್ನನ್ನು ಕೇಳಿದವರಲ್ಲ.

"ಮೊಮ್ಮಗೂನ ನಮ್ಮನೇಲಿ, ನನ್ ತೊಡೆ ಮೇಲೆ ಮಲಗುಸ್ಕೊಬೇಕು ಕಣಮ್ಮ."

"ಯಾವಾಗ ಬರ್ತದೆ ಮಗು?"

"ಐದನೇ ತಿಂಗಳಿಗೆ ತವರಿನೋರು ಕರ್ಕೊಂಡು ಬತ್ತಾರೆ. ನಮ್ ಕಡೆ ಹಂಗೇ."

ಡಾಕ್ಟರಮ್ಮ ಬೆರಳು ಮಡಚಿ ತಿಂಗಳು ಎಣಿಸತೊಡಗಿ ಅರ್ಧಕ್ಕೇ ಕೈ ಇಳಿಸಿದರು. ಅವತ್ತು ನನಗೆ ಸರಿಯಾಗಿ ಅರ್ಥವಾದದ್ದು ಆ ಅರ್ಧ ಎಣಿಕೆ ಒಂದೇ.

"ಮಿಷನ್ ಹಾಕ್ಸಿದ್ರೆ ಐದನೇ ತಿಂಗಳು ಗ್ಯಾರಂಟಿನಾ?"

"ನಿಮ್ಮ ಹೃದಯಾನೂ ಬಲ ಇಲ್ಲ ತಾತಾ. ಗ್ಯಾರಂಟಿ ಹೇಳಕ್ಕಾಗಲ್ಲ."

"ಹಾಕುಸ್ದಿದ್ರೆ?"

"ಅದಕ್ಕೂ ಇಲ್ಲ."

"ಎರಡಕ್ಕೂ ಇಲ್ಲ ಅಂದ್ಮೇಲೆ ಮನೇನೇ ವಾಸಿ" ಅಂದೆ. ಮನಸ್ಸು ಬದಲಾದರೆ ಯಾವತ್ತು ಬೇಕಾದರೂ ಹೇಳಿ ಅಂದರು ಡಾಕ್ಟರಮ್ಮ.

ನರ್ಸಮ್ಮ ಗೋರಂಟ್ಲದ ಹುಡುಗಿ. ಮೊದಲ ಸಲ ಮನೆಗೆ ಬಂದವಳೇ ಪಥ್ಯ ಹೇಳಿಕೊಟ್ಟು ಹೋದಳು: ಸೊಪ್ಪನ್ನು ನೀರಲ್ಲಿ ಬೇಯಿಸಿ ಬಸಿಯಬೇಕು, ಅದರೊಳಗಿನ ಪೊಟ್ಯಾಸಿಯಂ ಅನ್ನುವ ಉಪ್ಪು ನನಗಾಗದು. ಎರಡನೇ ಸಲ ಬಂದಾಗ ರಕ್ತದಲ್ಲಿ ಆ ಉಪ್ಪು ಹೆಚ್ಚಾಗಿತ್ತು.

"ನೀರು ಬಸಿದ್ರಾ ಅವ್ವಾ?"

"ಒಂದು ತೊಟ್ಟೂ ಇಲ್ದಂಗೆ ಬಸಿದೆ ಕಣಮ್ಮ" ಅಂದಳು ನನ್ನ ಹೆಂಡತಿ.

"ಆ ನೀರು ಏನ್ಮಾಡಿದ್ರಿ?"

"ಇದೇನ್ ಹಿಂಗ್ ಕೇಳ್ತೀಯಾ? ಬಸ್ಸಾರು ಮಾಡ್ದೆ."

"ಸೊಪ್ಪು?"

"ಪಲ್ಯ ಮಾಡ್ಕೊಂಡು ನಾವ್ ತಿಂದ್ವಿ. ಸತ್ವ ಎಲ್ಲಾ ನೀರಲ್ಲೇ ಅಲ್ವಾ? ಕಾಯಿಲೆ ಮನುಷ್ಯ ಅಂತ ಮುದ್ದೆಗೆ ಅವರಿಗೇ ಎರಡೆರಡು ಸಲ ಬಿಟ್ಟೆ."

ಹುಡುಗಿ ಹಣೆ ಚಚ್ಚಿಕೊಂಡು ನಕ್ಕಳು. ಬೇಡವಾದದ್ದನ್ನೆಲ್ಲ ನಾನು ಉಂಡಿದ್ದೆ, ಆಗುವುದನ್ನು ಮನೆಯವರು ತಿಂದಿದ್ದರು. "ಹಂಗಾದ್ರೆ ಚೆಲ್ಲೋದಾ? ಬಸಿದ ನೀರು ಚೆಲ್ಲಿದ್ರೆ ಊರೋರು ನನ್ನ ಏನಂದಾರು?" ಎಂದು ಹೆಂಡತಿ ಹಟ ಹಿಡಿದಳು. ಕೊನೆಗೆ ಬಸ್ಸಾರು ಮನೆಯವರಿಗೆ, ಸಪ್ಪೆ ಸೊಪ್ಪು ನನಗೆ ಎಂದು ತೀರ್ಮಾನವಾಯಿತು. ನಾನು ಬಸ್ಸಾರಿನ ವಾಸನೆ ಹಿಡಿದುಕೊಂಡೇ ಮುದ್ದೆ ನುಂಗುತ್ತಿದ್ದೆ.

ಮಗು ನೋಡಲು ಕಲ್ಯಾಣದುರ್ಗಕ್ಕೆ ಹೋಗುತ್ತೇನೆ ಅಂದಾಗ ನರ್ಸಮ್ಮನೇ ದಾರಿಗೆ ಮಾತ್ರೆ ಕಟ್ಟಿಕೊಟ್ಟು, ಉಸಿರು ಕಟ್ಟಿದರೆ ಅಲ್ಲಿ ಯಾರನ್ನು ನೋಡಬೇಕು ಎಂದು ಮಗನಿಗೆ ಹೇಳಿದಳು. ಕಾಯಿಲೆ ವಿಷಯ ಬೀಗರಿಗೆ ಪೂರ್ತಿ ಗೊತ್ತಿರಲಿಲ್ಲ. ಬಾಣಂತಿ ಹೆದರುತ್ತಾಳೆಂದು ಮಗ ಮುಚ್ಚಿಟ್ಟಿದ್ದ.

ಮಗುವನ್ನು ಕಂಡೆ. ಏನು ಹೇಳಲಿ! ಆ ಮೂಗು, ಆ ಮುಷ್ಟಿ, ಆಕಳಿಸಿದರೆ ಮುಖವೆಲ್ಲ ಬಾಯಿ! ನವೆ ಮರೆತೇಹೋಯಿತು.

"ಐದನೇ ತಿಂಗಳಿಗೆ ನಾವೇ ಕರ್ಕೊಂಡ್ ಬತ್ತೀವಿ ಬಿಡಣ್ಣಾ" ಅಂದಳು ಬೀಗಿತ್ತಿ.

ಹೆಂಡತಿ ನೆಲ ನೋಡಿದಳು. ಮಗ ಎದ್ದು ಹೊರಗೆ ಹೋದ. ನಾನೇ ಅಂದೆ: "ಮೂರಕ್ಕೇ ಕಳುಸವ್ವಾ."

"ಯಾಕಣ್ಣಾ ಆತುರ? ಮಗೂಗೆ ಇನ್ನೂ ಕತ್ತು ನಿಂತಿರಲ್ಲ."

"ಅದರ ಕತ್ತು ಐದಕ್ಕೆ ನಿಲ್ತೈತೆ ತಾಯಿ. ನಾನಿರ್ತೀನೋ ಇಲ್ವೋ."

ಬೀಗಿತ್ತಿ ತಮಾಷೆ ಎಂದು ನಗಲು ಹೋಗಿ ನನ್ನ ಊದಿದ ಕಾಲು ನೋಡಿದಳು. ಒಳಗೆ ಹೋದಳು. ಗಂಡನೊಂದಿಗೆ ಪಿಸಪಿಸ ಮಾತಾಡುವುದು ಕೇಳಿಸಿತು. ಕಣ್ಣು ಒರೆಸಿಕೊಂಡು ಬಂದು, "ಮೂರಕ್ಕೇ ಬತ್ತೀವಿ. ಕಾರಲ್ಲಿ ಕತ್ತು ನಾನ್ ಹಿಡ್ಕೊಂಡಿರ್ತೀನಿ" ಅಂದಳು.

ಮೂರನೇ ತಿಂಗಳಿಗೆ ಹಾಗೇ ಹಿಡಿದುಕೊಂಡು ಬಂದಳು. ನಿಲ್ಲಲು ನನಗೆ ಶಕ್ತಿ ಇರಲಿಲ್ಲ. ಹೊಸ್ತಿಲ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಹೆಂಡತಿ ಆರತಿ ಎತ್ತಿದಳು. ಮರಗಟ್ಟಿದ ಕೈಯಿಂದ ಬೀಗಿತ್ತಿ ಮಗುವನ್ನು ನನ್ನ ತೊಡೆಗಿಳಿಸಿದಳು. ಸಂತೋಷಕ್ಕೋ ಉಬ್ಬಸಕ್ಕೋ, ಎದೆ ಹೊಡೆದುಕೊಳ್ಳುತ್ತಿತ್ತು. ಯಾವುದೆಂದು ನರ್ಸಮ್ಮ ಕೇಳಿದರೆ ಹೇಳಲು ಈಗಲೂ ನನಗೆ ಬಾರದು.